ಬ್ರೂಸ್‌ಪೇಟೆಯ ಗಾಳಗಾರ

ಬ್ರೂಸ್‌ಪೇಟೆಯಲ್ಲಿ ಮನೆ ಬಾಡಿಗೆಗೆ ಕೊಡುವವರು ಕೇಳುವ ಪ್ರಶ್ನೆಗಳು ಎಲ್ಲರಿಗೂ ಗೊತ್ತಿರುವಂಥವೇ. ಮನೆಯಲ್ಲಿ ಎಷ್ಟು ಜನ, ಗಾಡಿ ಎಷ್ಟು, ನೀರು ಹೇಗೆ ಬಳಸುತ್ತೀರಿ, ನೆಂಟರಿಷ್ಟರು ಬಂದರೆ ಎಷ್ಟು ದಿನ ಇರುತ್ತಾರೆ. ಇವಕ್ಕೆಲ್ಲ ಸಮಾಧಾನದ ಉತ್ತರ ಸಿಕ್ಕಿತೆಂದರೆ ಮುಂದಿನದು ಅಡ್ವಾನ್ಸಿನ ಮಾತು. ‘ನಿಮ್ಮ ಸಾಮಾನಿನಲ್ಲಿ ಹತ್ತಡಿ ಉದ್ದದ ಕೋಲೇನಾದರೂ ಇದೆಯೋ’ ಎಂದು ಯಾವ ಮಾಲೀಕನೂ ಕೇಳುವುದಿಲ್ಲ. ನಾನೂ ಕೇಳಲಿಲ್ಲ. ನಮ್ಮ ಮಹಡಿಗೆ ಬಂದ ಕುಮಟಾ ಕಡೆಯ ಬ್ಯಾಂಕ್ ಅಧಿಕಾರಿಗಳು ಫ್ರಿಜ್ಜು, ಮಂಚ, ಕುಕ್ಕರು ಎಲ್ಲವನ್ನೂ ಹಮಾಲರ ಪಾಲಿಗೆ ಬಿಟ್ಟು, ಬಟ್ಟೆಯ ಗವಸು ತೊಟ್ಟ ಒಂದು ಉದ್ದನೆಯ ವಸ್ತುವನ್ನು ಮಾತ್ರ ತಾವೇ ಎದೆಗವಚಿಕೊಂಡು ಮೆಟ್ಟಿಲು ಹತ್ತಿದರು. ತಂಬೂರಿ ಇರಬೇಕು, ಮನೆಗೆ ಸಂಗೀತ ಬಂತು ಎಂದು ನಾನು ಖುಷಿಪಟ್ಟೆ.

ಬಂದ ಹೊಸದರಲ್ಲಿ ಅವರು ದಿನಾ ಸಂಜೆ ಮಾಳಿಗೆ ಮೇಲೆ ನಿಂತು ಕೋಟೆ ಗುಡ್ಡವನ್ನೇ ದಿಟ್ಟಿಸುತ್ತಿದ್ದರು. ಊರು ಬಿಟ್ಟು ಬಂದವರಿಗೆ ಬೇಸರ ಸಹಜ. ಅದರಲ್ಲೂ ಹಸಿರಿನಲ್ಲಿ ಹುಟ್ಟಿದವರನ್ನು ಬಳ್ಳಾರಿಯ ಬಿಸಿಲಿಗೆ ವರ್ಗ ಮಾಡಿದರೆ ಗುಡ್ಡ ನೋಡುವುದೊಂದೇ ದಾರಿ ಎಂದುಕೊಂಡು ಮಾತಾಡಿಸಲು ಹೋದೆ. ಅವರು ಗುಡ್ಡದ ಕಡೆ ಕೈ ತೋರಿಸಿ, “ಎಂತಾ ಚಂದದ ಜಾಗ ಮಾರಾಯ್ರೆ! ಆ ಬಲಗಡೆಯ ಇಳಿಜಾರು ನೋಡಿ, ನಿಂತು ಬೀಸಲಿಕ್ಕೆ ಹೇಳಿ ಮಾಡಿಸಿದ ಹಾಗಿದೆ. ಬುಡದಲ್ಲಿ ಒಂದು ಸಮುದ್ರ ಇದ್ದಿದ್ದರೆ ಸಾಕಿತ್ತು” ಎಂದು ನಿಟ್ಟುಸಿರು ಬಿಟ್ಟರು. ಬಳ್ಳಾರಿಯಲ್ಲಿ ಏನೇನಿಲ್ಲ ಎಂಬ ಪಟ್ಟಿಯನ್ನು ನಾವೆಲ್ಲ ಕಟ್ಟೆಯ ಮೇಲೆ ಕೂತಾಗಲೆಲ್ಲ ಪಠಿಸುತ್ತೇವೆ. ನೆರಳಿಲ್ಲ, ಸರಿಯಾದ ಚರಂಡಿಯಿಲ್ಲ, ವಾಕಿಂಗಿಗೆ ಜಾಗವಿಲ್ಲ. ಆ ಪಟ್ಟಿಗೆ ಸಮುದ್ರವನ್ನು ಸೇರಿಸಿದವರು ಇವರೇ ಮೊದಲಿಗರು.

ತಂಬೂರಿ ಅಂದುಕೊಂಡದ್ದು ಮೀನು ಹಿಡಿಯುವ ರಾಡು ಎಂದು ಆವತ್ತು ತಿಳಿಯಿತು. ಬಲೆಯಲ್ಲ, ದೋಣಿಯಲ್ಲ. ಕಡಲಂಚಿನ ಬಂಡೆಯ ಮೇಲೆ ಒಬ್ಬನೇ ನಿಂತು, ಗಾಳಕ್ಕೆ ಸಿಗಡಿಯನ್ನೋ ತಗಡಿನ ಮೀನನ್ನೋ ಕಟ್ಟಿ ಅಲೆಯೊಳಗೆ ಬೀಸಿ, ಮತ್ತೆ ಎಳೆದುಕೊಂಡು, ಮತ್ತೆ ಬೀಸುವ ಕಸುಬು. ಸಂಜೆಯವರೆಗೆ ಬೀಸಿ ಬರಿಗೈಲಿ ಮನೆಗೆ ಬಂದರೂ ಮುಖದಲ್ಲಿ ಕಳೆ ಇರುತ್ತದಂತೆ. ಬಂಡೆ ಎಂಬ ಶಬ್ದ ಕಿವಿಗೆ ಬೀಳದಿದ್ದರೆ ನಾನು ಅಲ್ಲಿಗೇ ಕೈಮುಗಿದು ಕೆಳಗಿಳಿಯುತ್ತಿದ್ದೆ.

ಕಲ್ಲಿನ ವಿಷಯಕ್ಕೆ ಬಂದರೆ ಬಳ್ಳಾರಿಯವನಿಗೆ ಯಾರೂ ಪಾಠ ಹೇಳಬಾರದು. ಒಂದು ಕಡೆ ಕೋಟೆ ಗುಡ್ಡ, ಇನ್ನೊಂದು ಕಡೆ ಮಲಗಿದ ಮನುಷ್ಯನ ಮುಖದಂತೆ ಕಾಣುವ ಕುಂಬಾರ ಗುಡ್ಡ. ಕುರುಗೋಡಿನ ದೊಡ್ಡಬಸವೇಶ್ವರನ ದರ್ಶನಕ್ಕೆ ಹೋದರೆ ದೇವರಿಗಿಂತ ಮೊದಲು ಬಂಡೆಗಳು ಎದುರುಗೊಳ್ಳುತ್ತವೆ. ಹಂಪಿಯ ಮಾತಂತೂ ಬಿಡಿ. ರಾಮನಗರಕ್ಕೆ ಕ್ಲೋಸ್‌ಪೇಟೆ ಎಂಬ ಹೆಸರಿದ್ದ ಕಾಲದ ನೆನಪಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ ಕಲ್ಲಿನ ಪಟ್ಟಿ ಅಲ್ಲಿಂದ ಉತ್ತರಕ್ಕೆ ನಮ್ಮ ಸೀಮೆಯವರೆಗೂ ಹಬ್ಬಿದೆ. ವಯಸ್ಸು ಸುಮಾರು 250 ಕೋಟಿ ವರ್ಷ. ಕ್ಲೋಸ್ ಎಂಬ ದೊರೆಯ ಪೇಟೆಯಿಂದ ಹೊರಟ ಕಲ್ಲು ಬ್ರೂಸ್ ಎಂಬ ದೊರೆಯ ಪೇಟೆಯ ಹತ್ತಿರಕ್ಕೆ ಬಂದು ನಿಂತಿದೆ. ಇಂಥ ಕಲ್ಲುಗಳ ಮೇಲೆ ಬರಿಗಾಲಲ್ಲಿ ಓಡಾಡಿ ಬೆಳೆದ ನನಗೆ ಅವರು ಗಾಳ ಹಾಕುವ ಗೋಕರ್ಣದ ಬಂಡೆ ಯಾವ ಲೆಕ್ಕ? ಹಾಗಂತ ಅವರಿಗೆ ಹೇಳಿಯೂ ಹೇಳಿದೆ. ಅವರು ನಕ್ಕು ಸುಮ್ಮನಾದರು. ಕರಾವಳಿಯವರ ಆ ನಗು ನಮ್ಮ ಕಡೆ ಬೈಗುಳಕ್ಕಿಂತ ಮೇಲು.

ಕರಾವಳಿಗೂ ನಮಗೂ ನಡುವೆ ಮನುಷ್ಯರ ವರ್ಗಾವರ್ಗಿ ಹೊಸದೇನಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯವರು ಥಾಮಸ್ ಮನ್ರೋನನ್ನು ಕೆನರಾಕ್ಕೆ ಕಲೆಕ್ಟರನನ್ನಾಗಿ ಕಳಿಸಿದರು. ಮನ್ರೋನಿಗೆ ಅಲ್ಲಿಯ ಮಳೆ ಒಗ್ಗಲೇ ಇಲ್ಲ. ಬೇರೆ ಕಡೆ ಹಾಕಿ ಎಂದು ಬೆನ್ನು ಹತ್ತಿದ. ಮರುವರ್ಷವೇ ನಿಜಾಮ ಬಿಟ್ಟುಕೊಟ್ಟ ಬಳ್ಳಾರಿ, ಅನಂತಪುರ, ಕಡಪಾ ಸೀಮೆಗಳಿಗೆ ವರ್ಗವಾಗಿ ಬಂದು 1807ರವರೆಗೆ ಇಲ್ಲೇ ಇದ್ದು, ರೈತವಾರಿ ಪದ್ಧತಿಯನ್ನು ನೆಲೆಗೊಳಿಸಿ ಹೆಸರು ಮಾಡಿದ. ಮಳೆಗೆ ಬೇಸತ್ತು ಬಳ್ಳಾರಿಯನ್ನು ಬಯಸಿ ಬಂದ ಮನುಷ್ಯ ಇತಿಹಾಸದಲ್ಲಿ ಇನ್ನೊಬ್ಬ ಇರಲಾರ. ನಮ್ಮ ಮಹಡಿಯವರಿಗೆ ಈ ಕಥೆ ಹೇಳಿದರೆ, “ಅವನಿಗೆ ಗಾಳ ಹಾಕಲಿಕ್ಕೆ ಬರ್ತಿರಲಿಲ್ಲ ಕಾಣ್ತದೆ” ಎಂದುಬಿಟ್ಟರು.

ಗಾಳ ಬೀಸುವ ಪಾಠ ಮಾಳಿಗೆಯ ಮೇಲೆ ಶುರುವಾಯಿತು. ರಾಡಿಗೆ ರೀಲು, ರೀಲಿಗೆ ದಾರ. ಗಾಳಿಪಟಕ್ಕೆ ನಾವು ಹುಡುಗರಾಗಿದ್ದಾಗ ಕಟ್ಟುತ್ತಿದ್ದ ಟಂಗೂಸ್ ದಾರದ ಅಣ್ಣ-ತಮ್ಮಂದಿರೇ ಇವು, ಮರ್ಯಾದೆ ಜಾಸ್ತಿ ಅಷ್ಟೆ. ತೋರುಬೆರಳಿನಲ್ಲಿ ದಾರ ಹಿಡಿದು, ರೀಲಿನ ಕಮಾನು ಎತ್ತಿ, ರಾಡನ್ನು ಹಿಂದಕ್ಕೆ ಒಯ್ದು, ಮುಂದಕ್ಕೆ ಬೀಸುವಾಗ ಸರಿಯಾದ ಕ್ಷಣಕ್ಕೆ ಬೆರಳು ಬಿಡಬೇಕು. ಮುಂಚೆ ಬಿಟ್ಟರೆ ಆಕಾಶಕ್ಕೆ, ತಡವಾದರೆ ಕಾಲಬುಡಕ್ಕೆ. ನನ್ನದು ಎರಡೂ ಆಗದೆ ಪಕ್ಕದ ಮಾಳಿಗೆಗೆ ಹೋಯಿತು. ಅಲ್ಲಿ ವರ್ಷದ ಖಾರದಪುಡಿಗೆಂದು ಸೀರೆ ಹಾಸಿ ಮೆಣಸಿನಕಾಯಿ ಹರವಿದ್ದರು. ಗಾಳ ತೆಗೆದು ಬರೀ ತೂಕ ಕಟ್ಟಿದ್ದರಿಂದ ಸೀರೆ ಬಚಾವಾಯಿತು. ಆದರೆ ತೂಕ ಬಿದ್ದ ರಭಸಕ್ಕೆ ಎದ್ದ ಘಾಟಿಗೆ ಎರಡು ಮನೆಯವರು ಸೀನಿದರು. ಆ ಮನೆಯ ಅಜ್ಜಿ ಮೆಟ್ಟಿಲು ಹತ್ತಿ ಬಂದು, ನನ್ನ ಕೈಯ ಕೋಲನ್ನೂ ನನ್ನ ತಲೆಯ ನರೆಯನ್ನೂ ಒಂದೊಂದು ಸಲ ನೋಡಿ, ಏನೂ ಹೇಳದೆ ಇಳಿದುಹೋಯಿತು.

ತೂಕ ಅಂದೆನಲ್ಲ, ಅದರದ್ದೊಂದು ಕಥೆ. ಬೇಟು, ಅಂದರೆ ಗಾಳಕ್ಕೆ ಚುಚ್ಚುವ ಸಿಗಡಿಯಂಥ ಎರೆ, ನೀರಿನ ತಳಕ್ಕೆ ಹೋಗಬೇಕಾದರೆ ದಾರಕ್ಕೆ ಏನಾದರೂ ಭಾರ ಬೇಕು. ಸೀಸದ ಗುಂಡು ಮಾರುತ್ತಾರೆ. ಆದರೆ ಕಲ್ಲಿನ ಕಡಲಲ್ಲಿ ಗುಂಡು ಸಂದಿಗೆ ಸಿಕ್ಕಿಕೊಂಡಿತೆಂದರೆ ಗಾಳ, ದಾರ, ದುಡ್ಡು ಎಲ್ಲ ಸಮುದ್ರರಾಜನಿಗೆ ಅರ್ಪಣೆ. ಅದಕ್ಕೆ ಬಡವರು ಕಂಡುಕೊಂಡ ಉಪಾಯ ಹಳೆಯ ಸ್ಪಾರ್ಕ್ ಪ್ಲಗ್ಗು. ಅದನ್ನು ಮುಖ್ಯ ದಾರಕ್ಕಿಂತ ಬಡಕಲಾದ ಇನ್ನೊಂದು ದಾರದಲ್ಲಿ ಇಳಿಬಿಡುವುದು. ಸಿಕ್ಕಿಕೊಂಡರೆ ಜಗ್ಗಿದಾಗ ಬಡಕಲು ದಾರ ಹರಿದು ಪ್ಲಗ್ ಮಾತ್ರ ಹೋಗುತ್ತದೆ, ಉಳಿದದ್ದು ಕೈಗೆ ಬರುತ್ತದೆ. ಇದನ್ನು ಕೇಳಿದ್ದೇ ನಾನು ಎದೆ ತಟ್ಟಿಕೊಂಡೆ: ಅದಿರಿನ ಲಾರಿಗಳ ಊರಿನಲ್ಲಿ ಪ್ಲಗ್ಗಿಗೆ ಬರವೇ? ಗ್ಯಾರೇಜಿಗೆ ಹೋಗಿ ಕೇಳಿದರೆ ಅಲ್ಲಿಯ ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗೇ ಇರುವುದಿಲ್ಲವಂತೆ. ಕೊನೆಗೆ ನಮ್ಮ ಬೀದಿ ಮೂಲೆಯ ಸ್ಕೂಟರ್ ಮೆಕ್ಯಾನಿಕ್ಕಿನ ಹತ್ತಿರ ಒಂದು ಬನಿಯನ್ನಿನ ಗಂಟು ತುಂಬ ಸಿಕ್ಕಿತು. “ಇವನ್ನ ತಗೊಂಡು ಏನ್ ಮಾಡ್ತೀರಿ ಸಾರ್?” ಎಂದ. ಮೀನು ಹಿಡಿಯಲಿಕ್ಕೆ ಎಂದೆ. ಆತ ನನಗೆ ಸ್ಟೂಲು ಕೊಟ್ಟು, ನೀರು ಕೊಟ್ಟು, ಮನೆಗೆ ಫೋನು ಮಾಡಲೇ ಎಂದು ಮೆಲ್ಲಗೆ ಕೇಳಿದ.

ಬೇಟಿನ ಮೀನುಗಾರಿಕೆ ಬಡವರದಾದರೆ ಲ್ಯೂರಿನದು, ಅಂದರೆ ಹುಸಿ ಎರೆಯದು, ಸ್ವಲ್ಪ ಸಿರಿವಂತರದು. ಮಹಡಿಯವರ ಪೆಟ್ಟಿಗೆ ತೆರೆದರೆ ಕಾಸಿನ ಸರದ ಅಂಗಡಿಗೆ ಹೋದ ಅನುಭವ. ಮಿಣಿಮಿಣಿ ತಗಡಿನ ಚಮಚಗಳು, ನೀರಿನ ಮೇಲೆ ಗುಳುಗುಳು ಸದ್ದು ಮಾಡುವ ಪಾಪರುಗಳು, ರಬ್ಬರಿನ ಸಿಗಡಿ, ಕಣ್ಣು ಹುರುಪೆ ಎಲ್ಲ ಬಿಡಿಸಿದ ಪ್ಲಾಸ್ಟಿಕ್ ಮರಿಮೀನು. ಒಂದು ಒಳ್ಳೆಯ ಲ್ಯೂರಿನ ಬೆಲೆಗೆ ಎರಡು ಕಿಲೋ ಬಂಗುಡೆ ಬರುತ್ತದೆ ಎಂದು ಅವರ ಶ್ರೀಮತಿಯವರು ಒಳಗಿನಿಂದಲೇ ಲೆಕ್ಕ ಒಪ್ಪಿಸಿದರು.

ಈ ಮರಿಮೀನಿನ ಮೂಲಪುರುಷ ಫಿನ್ಲೆಂಡಿನ ಒಬ್ಬ ಬಡ ಮೀನುಗಾರ, ಲೌರಿ ರಾಪಲಾ. ದೊಡ್ಡ ಮೀನು ಚಿಕ್ಕ ಮೀನುಗಳ ಹಿಂಡಿಗೆ ನುಗ್ಗಿದಾಗ ಯಾವುದನ್ನು ಹಿಡಿಯುತ್ತದೆ ಎಂದು ದೋಣಿಯಲ್ಲಿ ಕೂತು ನೋಡುತ್ತಿದ್ದನಂತೆ. ಎಲ್ಲವೂ ನೆಟ್ಟಗೆ ಈಜುವಾಗ ಯಾವುದೊಂದು ಸ್ವಲ್ಪ ಓಲಾಡುತ್ತದೋ ಅದರ ಮೇಲೇ ಕಣ್ಣು. ಸರಿ, 1936ರಲ್ಲಿ ಬೆಂಡಿನ ತುಂಡನ್ನು ಚಪ್ಪಲಿ ಹೊಲಿಯುವವರ ಚೂರಿಯಲ್ಲಿ ಕೆತ್ತಿ, ಚಾಕಲೇಟಿನ ಬೇಗಡೆ ಸುತ್ತಿ, ಫೋಟೊ ನೆಗೆಟಿವ್‌ಗಳನ್ನು ಕರಗಿಸಿ ಮೇಲೆ ಬಳಿದು, ಓಲಾಡುವ ಒಂದು ಮೀನು ಮಾಡಿದ. ಅದು ಊರಲ್ಲಿ ಹೆಸರಾಯಿತು, ದೇಶದಲ್ಲಿ ಹೆಸರಾಯಿತು. ಲೋಕಕ್ಕೆಲ್ಲ ಗೊತ್ತಾದದ್ದು ಮಾತ್ರ 1962ರ ಆಗಸ್ಟಿನಲ್ಲಿ. ಅಮೆರಿಕದ ‘ಲೈಫ್’ ಪತ್ರಿಕೆ ಈ ಲ್ಯೂರಿನ ಮೇಲೆ ಲೇಖನ ಹಾಕಿದ ಸಂಚಿಕೆಯ ಮುಖಪುಟದಲ್ಲಿ ಆಗಷ್ಟೇ ತೀರಿಕೊಂಡಿದ್ದ ಮರ್ಲಿನ್ ಮನ್ರೋ ಇದ್ದಳು. ಸಂಚಿಕೆ ಮುಗಿಬಿದ್ದು ಮಾರಾಟವಾಯಿತು, ಮೀನೂ ಅದರ ಹಿಂದೆ ಹೋಯಿತು. ಒಬ್ಬ ಮನ್ರೋ ಸಮುದ್ರ ಬಿಟ್ಟು ಬಳ್ಳಾರಿಗೆ ಬಂದ, ಇನ್ನೊಬ್ಬ ಮನ್ರೋ ಗಾಳವನ್ನು ಜಗತ್ತಿಗೆ ಹಂಚಿದಳು. ಇದರಲ್ಲಿ ನನ್ನ ಪಾತ್ರ ಏನೂ ಇಲ್ಲ, ನೆನಪಾಯಿತು ಹೇಳಿದೆ.

ಕಡಲಿಗೆ ಹೊರಡುವ ಮೊದಲು ಪಂಚಾಂಗ ನೋಡಬೇಕಾಯಿತು. ನಮ್ಮಲ್ಲಿ ಅಮಾವಾಸ್ಯೆ ಎಂದರೆ ಅಂಗಡಿಗೆ ಕುಂಬಳಕಾಯಿ, ಗಾಡಿಗೆ ನಿಂಬೆಹಣ್ಣು. ಗಾಳಗಾರರಿಗೆ ಅಮಾವಾಸ್ಯೆ, ಹುಣ್ಣಿಮೆಗಳೆಂದರೆ ದೊಡ್ಡ ಭರತ. ಆಗ ನೀರು ಎಂದಿಗಿಂತ ಮೇಲೆ ಏರುತ್ತದೆ, ಎಂದಿಗಿಂತ ಕೆಳಗೆ ಇಳಿಯುತ್ತದೆ. ಏರುವ ನೀರಿನ ಜೊತೆ ಚಿಕ್ಕ ಮೀನು ಬಂಡೆಯ ಬುಡಕ್ಕೆ ಮೇಯಲು ಬರುತ್ತದೆ, ಅದರ ಹಿಂದೆ ದೊಡ್ಡದು. ಈ ಏರಿಳಿತ ದಿನಕ್ಕೆ ಎರಡು ಬಾರಿ, ಪ್ರತಿ ದಿನ ಹಿಂದಿನ ದಿನಕ್ಕಿಂತ ಸುಮಾರು 50 ನಿಮಿಷ ತಡ. ಇದನ್ನೆಲ್ಲ ನಮ್ಮ ಕಡೆಯ ಬಸ್ಸಿನ ವೇಳಾಪಟ್ಟಿಗಿಂತ ಬೇಗ ಕಲಿತೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ; ಆ 61 ದಿನ ದಡದ ಗಾಳಗಾರನಿಗೆ ಭಾರಿ ಬೇಡಿಕೆ. ಆದರೆ ಆಗ ಬಂಡೆಗೆ ಹೋಗುವುದು ಯಮನಿಗೆ ವಿಳಾಸ ಕೊಟ್ಟ ಹಾಗೆ, ಹೊಳೆ ಸಮುದ್ರ ಸೇರುವ ಅಳಿವೆಯ ಒಳಗೇ ನಿಲ್ಲಬೇಕು. ಬಂಡೆಗೆ ಹೊತ್ತು ಬರುವುದು ಮಳೆ ನಿಂತು, ಕೆಂಪು ನೀರು ತಿಳಿಯಾದ ಮೇಲೆ. ದಸರೆ ಕಳೆದ ಮೇಲೆ ಹೊರಟೆವು. ಮನೆಯಲ್ಲಿ ಗೋಕರ್ಣದ ಮಹಾಬಲೇಶ್ವರನ ದರ್ಶನಕ್ಕೆ ಎಂದು ಹೇಳಿದ್ದೆ. ಅದು ಸುಳ್ಳಲ್ಲ, ದರ್ಶನವನ್ನೂ ಮಾಡಿದೆವು.

ನಮ್ಮೂರಿನಿಂದ ಸಮುದ್ರಕ್ಕೆ ಯಾರನ್ನೂ ದಾರಿ ಕೇಳಬೇಕಾಗಿಲ್ಲ. ಹಳೆಯ 63ನೇ ನಂಬರಿನ ಹೆದ್ದಾರಿ ಗುತ್ತಿಯಿಂದ ಹೊರಟು ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ, ಅರಬೈಲ್ ಘಟ್ಟ ಇಳಿದು ಅಂಕೋಲೆಗೆ ಹೋಗಿ ನಿಲ್ಲುತ್ತಿತ್ತು. ನಮ್ಮೂರಿನಿಂದ ಸುಮಾರು 350 ಕಿಲೋಮೀಟರು. ಈಗ ನಂಬರುಗಳು ಬದಲಾಗಿವೆ, ದಾರಿ ಅದೇ. ನನಗಿಂತ ಎಷ್ಟೋ ಮೊದಲು ನಮ್ಮ ಗುಡ್ಡಗಳೇ ಆ ದಾರಿಯಲ್ಲಿ ಸಮುದ್ರಕ್ಕೆ ಹೋಗಿವೆ. ಸಂಡೂರಿನ ಮಣ್ಣು ಹೊತ್ತ ಲಾರಿಗಳು ಹಗಲಿರುಳೆನ್ನದೆ ಘಟ್ಟ ಇಳಿದು ಬೇಲೇಕೇರಿ ಬಂದರಿಗೆ ಸುರಿಯುತ್ತಿದ್ದ ಕಾಲ ಎಲ್ಲರಿಗೂ ನೆನಪಿದೆ. 2010ರಲ್ಲಿ ಅಲ್ಲಿ ಜಪ್ತಿ ಮಾಡಿಟ್ಟ ಅದಿರಿನಲ್ಲಿ ಲಕ್ಷಗಟ್ಟಲೆ ಟನ್ ಇದ್ದಲ್ಲೇ ಇಲ್ಲವಾಯಿತು, ಲೋಕಾಯುಕ್ತರ ತನಕ ಹೋಯಿತು. ಅಷ್ಟು ದೊಡ್ಡದು ಯಾವ ಗಾಳಕ್ಕೂ ಸಿಗದೆ ತಪ್ಪಿಸಿಕೊಂಡ ಕಡಲಲ್ಲಿ ನಾನು ಒಂದು ಪಾವು ತೂಕದ ಮೀನಿಗೆ ಹೊರಟಿದ್ದೆ.

ಕುಮಟೆಯಲ್ಲಿ ಇಳಿದುಕೊಂಡು, ಬೆಳಗಿನ ಜಾವ ಅಘನಾಶಿನಿ ಊರಿಗೆ ಹೋಗಿ, ಅಲ್ಲಿಂದ ದೋಣಿಯಲ್ಲಿ ತದಡಿಗೆ ದಾಟಿ ಗೋಕರ್ಣದ ಕಡೆ ಸಾಗಿದೆವು. ಈ ಅಘನಾಶಿನಿ ಅಣೆಕಟ್ಟನ್ನೇ ಕಾಣದ ಹೊಳೆ. ತುಂಗಭದ್ರೆಯ ಗೇಟು ಎಷ್ಟು ತೆರೆದರು, ಕಾಲುವೆಗೆ ಎಂದು ಬಿಟ್ಟರು ಎಂಬುದರ ಮೇಲೇ ಬದುಕು ಸಾಗಿಸುವ ನಮಗೆ, ಹೊಳೆಯೊಂದು ತನ್ನ ಪಾಡಿಗೆ ತಾನು ಸಮುದ್ರಕ್ಕೆ ಹೋಗುವುದೇ ಒಂದು ಸ್ವೈರವಿಹಾರ ಎನಿಸಿತು. ದಡದ ಗಜನಿ ಗದ್ದೆಗಳಲ್ಲಿ ಉಪ್ಪು ನೀರಿಗೂ ಜಗ್ಗದ ಕಗ್ಗ ಭತ್ತ ಬೆಳೆಯುತ್ತಾರೆ. ಭತ್ತ ಕೊಯ್ದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಸಿಗಡಿ ಹಿಡಿಯುತ್ತಾರೆ. ಸಿರುಗುಪ್ಪದ ಸೋನಾ ಮಸೂರಿ ಉಂಡು ಬೆಳೆದ ನಾನು, ಒಂದೇ ಗದ್ದೆಯಲ್ಲಿ ಅನ್ನವೂ ಸಾರೂ ಬೆಳೆಯುವ ಈ ಏರ್ಪಾಟಿಗೆ ಮನಸಾರೆ ತಲೆದೂಗಿದೆ. ಬಲೆಯವರಿಂದ ಜೀವದ ಸಿಗಡಿ ಕೊಂಡು ಬಕೆಟ್ಟಿಗೆ ಹಾಕಿಕೊಂಡೆವು. ಸಿಗಡಿಯ ತಲೆಯೊಳಗೆ ಒಂದು ಕಪ್ಪು ಚುಕ್ಕಿ ಕಾಣುತ್ತದೆ. ಗಾಳ ಅದಕ್ಕೆ ತಾಗಿದರೆ ಜೀವ ಹೋಯಿತು. ತಾಗದಂತೆ ಕೊಂಬಿನ ಬುಡದಲ್ಲಿ ಚುಚ್ಚಿದರೆ ಗಂಟೆಗಟ್ಟಲೆ ನೀರಿನಲ್ಲಿ ಜಿಗಿಯುತ್ತಿರುತ್ತದೆ. ಸತ್ತ ಬೇಟು ಬೇಕಾದರೆ ಬೊಂಡಾಸು ಮೇಲು. ರಬ್ಬರಿನ ಹಾಗೆ ಬಿಗಿ, ಏಡಿಗಳಿಗೆ ಬೇಗ ಕಿತ್ತುಕೊಳ್ಳಲು ಆಗುವುದಿಲ್ಲ.

ಓಂ ಬೀಚಿನ ಆಚೆ, ಕಾಲುದಾರಿ ಗುಡ್ಡ ಹತ್ತಿ ಇಳಿಯುವಲ್ಲಿ, ಸಮುದ್ರದೊಳಕ್ಕೆ ಚಾಚಿದ ಬಂಡೆಗಳಿವೆ. ನೋಡಿದ ಕೂಡಲೇ ನನಗೆ ತವರಿನ ಪ್ರೀತಿ ಉಕ್ಕಿ, ಚಪ್ಪಲಿಯಲ್ಲೇ ನಡೆದುಹೋಗಲು ಸಿದ್ಧನಾದೆ. ಮಹಡಿಯವರು ತೋಳು ಹಿಡಿದು ಕೂರಿಸಿದರು. ರಾಡನ್ನು ಗವಸಿನಿಂದ ತೆಗೆಯಲೂ ಬಿಡಲಿಲ್ಲ. “ಈಗ ಕಲ್ಲು ನೋಡಬೇಡಿ. ನೀರು ನೋಡಿ.”

ನೀರು ನೋಡುವುದೇನು? ಬರುತ್ತದೆ, ಹೋಗುತ್ತದೆ. ಸ್ವಲ್ಪ ಹೊತ್ತು ಕೂತ ಮೇಲೆ ಒಂದೊಂದಾಗಿ ತೋರಿಸತೊಡಗಿದರು. ಅಲೆಗಳೆಲ್ಲ ಒಂದೇ ಅಳತೆಯವಲ್ಲ. ಸಣ್ಣವು ಬಂದು ಬಂದು ನಂಬಿಕೆ ಹುಟ್ಟಿಸಿ, ಆಮೇಲೆ ದೊಡ್ಡವು ಒಂದರ ಬೆನ್ನಿಗೊಂದು ಬರುತ್ತವೆ. ಬಂಡೆಯ ಯಾವ ಭಾಗ ಒದ್ದೆಯಾಗಿದೆಯೋ ಅಲ್ಲಿಯವರೆಗೆ ಅಲೆ ಬಂದಿದೆ ಎಂದರ್ಥ, ಬಿಸಿಲಲ್ಲಿ ನಿಂತಿರುವ ನಿಮಗೆ ಅದು ಎಷ್ಟೇ ದೂರ ಕಂಡರೂ. ಕಪ್ಪಗೆ ಹೊಳೆಯುವ ಕಡೆ ಪಾಚಿ. ಅಲ್ಲಿ ಕಾಲಿಟ್ಟವನು ತಾನಾಗಿ ಎದ್ದು ಬಂದ ಉದಾಹರಣೆ ಕಡಿಮೆ. ಸಮುದ್ರಕ್ಕೆ ಬೆನ್ನು ತೋರಿಸಬಾರದು, ಫೋಟೊಕ್ಕೂ ಕೂಡದು. ಆಮೇಲೆ ನೊರೆ. ಅಲೆ ಬಂಡೆಗೆ ಬಡಿದು ಹಿಂದೆ ಸರಿಯುವಲ್ಲಿ ಹಾಲು ಚೆಲ್ಲಿದಂತೆ ಬೆಳ್ಳಗೆ ನೊರೆ ಹರಡುತ್ತದಲ್ಲ, ನಾನು ಅದನ್ನು ಸಿನಿಮಾ ಹಾಡಿಗೆ ಇರುವ ವಸ್ತು ಎಂದುಕೊಂಡಿದ್ದೆ. ಆ ನೊರೆಯ ಕೆಳಗೆ ಪುಟ್ಟ ಮೀನುಗಳು ಅಲೆಯ ಹೊಡೆತಕ್ಕೆ ದಿಕ್ಕು ತಪ್ಪಿ ಓಲಾಡುತ್ತಿರುತ್ತವೆ. ಮೇಲಿನಿಂದ ಹಕ್ಕಿಗೂ ಕಾಣದ ಆ ಮುಸುಕಿನ ಅಂಚಿನಲ್ಲಿ ಚೊಣಕ, ಕೆಂಬೇರಿಯಂಥ ದೊಡ್ಡ ಮೀನುಗಳು ಬಾಯಿ ತೆರೆದು ಕಾಯುತ್ತವೆ. ಲ್ಯೂರನ್ನು ಎಸೆಯಬೇಕಾದದ್ದು ದೂರದ ನೀಲಿ ನೀರಿಗಲ್ಲ, ಕಾಲಬುಡದ ಈ ಬಿಳಿ ಗಲಭೆಯ ಅಂಚಿಗೆ. ಅರ್ಧ ಆಯುಷ್ಯವನ್ನು ಬಂಡೆ ನೋಡುತ್ತಾ ಕಳೆದ ನಾನು ಆವತ್ತು ಬಂಡೆಯ ಮೇಲೆ ಕೂತು ಮೊದಲ ಬಾರಿಗೆ ಬಂಡೆಯ ಆಚೆಗೆ ನೋಡಿದೆ. ನೋಡಲು ಅಷ್ಟೊಂದು ಇದೆ ಎಂದು ಗೊತ್ತಿರಲಿಲ್ಲ. ನಮ್ಮ ಗುಡ್ಡಗಳ ಬುಡದಲ್ಲಿ ನೋಡಲಿಕ್ಕೆ ಇರುವುದು ಆಡು ಮಾತ್ರ.

ಮೊದಲು ಬೇಟು ಹಾಕಿದೆವು. ನನ್ನ ಪ್ಲಗ್ಗುಗಳು ಒಂದಾದ ಮೇಲೊಂದರಂತೆ ಬಂಡೆಯ ಸಂದಿ ಸೇರಿದವು. ಒಮ್ಮೆ ದಾರ ಬಿಗಿಯಾಗಿ ಎಳೆದು, ಎದೆ ಡವಗುಟ್ಟಿ, ರೀಲು ಸುತ್ತಿ ಸುತ್ತಿ ಮೇಲೆ ತಂದರೆ ಅಂಗೈಯಗಲದ ಒಂದು ಮೀನು ನನ್ನನ್ನು ನೋಡಿ ಸಿಟ್ಟಿನಿಂದ ಹೊಟ್ಟೆ ಉಬ್ಬಿಸಿಕೊಂಡು ದುಂಡಗಾಯಿತು. ಅದರ ಹಲ್ಲು ಗಿಳಿಯ ಕೊಕ್ಕಿನಂಥದು, ದಾರ ಕತ್ತರಿಸುತ್ತದೆ, ಮೈಯಲ್ಲಿ ವಿಷ, ತಿನ್ನುವ ಹಾಗಿಲ್ಲ, ಬಿಟ್ಟುಬಿಡಿ ಎಂದರು. ಬಿಟ್ಟೆ. ಅಷ್ಟರಲ್ಲಿ ಎಲ್ಲಿಂದಲೋ ಒಬ್ಬ ಹುಡುಗ ಬಂದು ಆಚೆ ಬಂಡೆಯ ಮೇಲೆ ಕೂತ. ರಾಡಿಲ್ಲ, ರೀಲಿಲ್ಲ. ನೀರಿನ ಖಾಲಿ ಬಾಟಲಿಗೆ ದಾರ ಸುತ್ತಿಕೊಂಡು ಬಂದಿದ್ದ. ತುದಿಗೆ ಗಾಳ, ಕಲ್ಲಿನಿಂದಲೇ ಕೆರೆದು ತೆಗೆದ ಪಚ್ಚಿಲೆಯ ಮಾಂಸ. ಬಾಟಲಿಯನ್ನು ಎಡಗೈಲಿ ಮುಂದೆ ಹಿಡಿದು ಬಲಗೈಲಿ ಗಾಳ ಗಿರಗಿರ ತಿರುಗಿಸಿ ಬಿಟ್ಟ. ದಾರ ಬಾಟಲಿಯಿಂದ ತಾನೇ ಬಿಚ್ಚಿಕೊಂಡು ಹೋಯಿತು. ನಾನು ಪ್ಲಗ್ ಕಟ್ಟುವಷ್ಟರಲ್ಲಿ ಅವನು ಎರಡು ಮೀನು ಚೀಲಕ್ಕೆ ಹಾಕಿದ್ದ. ನನ್ನ ರಾಡನ್ನು ನೋಡಿ ಎಷ್ಟು ರೂಪಾಯಿ ಎಂದು ಕೇಳಿದ. ನಾನು ಕೇಳದವನಂತೆ ನೀರು ನೋಡಿದೆ, ಹೇಗೂ ಹೊಸದಾಗಿ ಕಲಿತಿದ್ದೆನಲ್ಲ.

ಸಂಜೆ ಲ್ಯೂರಿನ ಸರದಿ. ಮಹಡಿಯವರು ತಮ್ಮ ಪೆಟ್ಟಿಗೆಯಿಂದ ಅತ್ಯಂತ ಪ್ರೀತಿಯ ಮರಿಮೀನನ್ನು ಮಗುವನ್ನು ಸ್ಕೂಲಿಗೆ ಕಳಿಸುವ ಮುಖಭಾವದಲ್ಲಿ ನನ್ನ ದಾರಕ್ಕೆ ಕಟ್ಟಿದರು. ಹೊಟ್ಟೆಯ ಕೆಳಗೊಂದು, ಬಾಲಕ್ಕೊಂದು ಮೂರು ಬಾಯಿಯ ಗಾಳ. ಇಲ್ಲಿ ನಾನು ತೊಟ್ಟಿದ್ದ ಪ್ಯಾಂಟಿನ ಬಗ್ಗೆ ಎರಡು ಮಾತು ಹೇಳಬೇಕು. ಬಳ್ಳಾರಿಯ ಜೀನ್ಸ್ ದೇಶದ ನಾನಾ ಪೇಟೆಗಳಿಗೆ ಹೋಗುತ್ತದೆ. ಕೌಲ್‌ಬಜಾರಿನಿಂದ ಹಿಡಿದು ಮನೆಮನೆಗಳಲ್ಲಿ ಹೊಲಿಗೆ ಯಂತ್ರದ ಸದ್ದು ಕೇಳುತ್ತದೆ. ಬಟ್ಟೆ ಗಟ್ಟಿ, ಹೊಲಿಗೆ ಇನ್ನೂ ಗಟ್ಟಿ. ಅಭಿಮಾನದಿಂದಲೇ ಅದನ್ನು ತೊಟ್ಟು ಹೋಗಿದ್ದೆ. ರಾಡನ್ನು ಹಿಂದಕ್ಕೆ ಒಯ್ದೆ. ಮೈಯ ಬಲವನ್ನೆಲ್ಲ ಹಾಕಿ ಮುಂದಕ್ಕೆ ಬೀಸಿದೆ. ರಾಡು ಬಿಲ್ಲಿನಂತೆ ಬಾಗಿತು. ರೀಲು ಕಿರ್ರೆಂದಿತು. “ಬಿತ್ತು! ದೊಡ್ಡದೇ ಬಿತ್ತು!” ಎಂದು ನಾನು ಕೂಗಿದೆ. ಸೂರ್ಯಾಸ್ತ ನೋಡಲು ಬಂದಿದ್ದವರೆಲ್ಲ ಸೂರ್ಯನನ್ನು ಬಿಟ್ಟು ನನ್ನನ್ನು ನೋಡಿದರು. ದೊಡ್ಡದೇ ಬಿದ್ದಿತ್ತು. ನನ್ನ ಹಿಂದಿನ ಜೇಬಿಗೆ ಮೂರೂ ಬಾಯಿ ಕಚ್ಚಿಕೊಂಡಿದ್ದವು.

ಗಾಳದ ತುದಿಯಲ್ಲಿ ಹಿಂದಕ್ಕೆ ಬಾಗಿದ ಒಂದು ಮುಳ್ಳಿರುತ್ತದೆ. ಒಳಗೆ ಹೋದದ್ದು ಹೊರಗೆ ಬರಬಾರದು ಎಂಬುದೇ ಅದರ ಧರ್ಮ. ಮಹಡಿಯವರು ಹಿಂದೆ ಕೂತು, ಜೇಬನ್ನು ಅತ್ತಿತ್ತ ತಿರುಗಿಸಿ ಪರೀಕ್ಷಿಸಿ, “ಬಟ್ಟೆ ಒಳ್ಳೆಯದು ಮಾರಾಯ್ರೆ” ಎಂದರು. ಬಟ್ಟೆಯನ್ನು ಉಳಿಸಬೇಕೋ ಲ್ಯೂರನ್ನೋ ಎಂಬ ಪ್ರಶ್ನೆ ಬಂತು. ಅವರಿಗೆ ಅದು ಪ್ರಶ್ನೆಯೇ ಆಗಿರಲಿಲ್ಲ. ಮೀನು ಕೊಯ್ಯುವ ಚೂರಿ ತೆಗೆದು ಜೇಬನ್ನು ಗೇಣಗಲ ಕತ್ತರಿಸಿ ಲ್ಯೂರನ್ನು ಎತ್ತಿಕೊಂಡು ಊದಿ ಒರೆಸಿದರು. ನಾನು ಸೊಂಟಕ್ಕೆ ಟವೆಲ್ ಸುತ್ತಿಕೊಂಡೆ. ಗೋಕರ್ಣದಲ್ಲಿ ಬಳ್ಳಾರಿ ಜಿಲ್ಲೆಯವರು ಸಿಗದ ದಿನ ಯಾವುದು? ಕಾಲುದಾರಿಯಲ್ಲೇ ಸಿರುಗುಪ್ಪದ ಪರಿಚಯದ ಅಕ್ಕಿ ಗಿರಣಿಯವರು ಸಂಸಾರ ಸಮೇತ ಎದುರಾದರು. ನನ್ನ ಟವೆಲನ್ನೂ ಬರಿಗಾಲನ್ನೂ ನೋಡಿ ಭಕ್ತಿಯಿಂದ, “ಹರಕೆ ಏನ್ರೀ ಸಾರ್?” ಎಂದರು. ಹೌದೆಂದೆ. ಅವರ ಮನೆಯವರು ನನ್ನ ಕಾಲು ಮುಟ್ಟಲು ಬಾಗಿದಾಗ ಹಿಂದಕ್ಕೆ ಸರಿಯುವ ಹಾಗೂ ಇಲ್ಲ, ತಿರುಗುವ ಹಾಗೂ ಇಲ್ಲ.

ಗಾಳ ಹಿಡಿದ ದೊಡ್ಡ ಮನುಷ್ಯರಿಗೆ ಹೀಗೆಲ್ಲ ಆಗುತ್ತಿತ್ತೋ ಏನೋ. ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕವನ್ನೇ ಬರೆದ. 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಘಟ್ಟದ ಹೊಳೆಗಳ ಮಹಶೀರ್ ಮೀನು ಅವನ ಪ್ರಾಣ. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರು ಸತ್ತ ಹುಲಿಗಳ ಚರ್ಮಕ್ಕೆ ಜೀವಂತಿಕೆ ಕೊಡುವುದರಲ್ಲಿ ಪ್ರಸಿದ್ಧರಾಗಿದ್ದರು. ಅವರಲ್ಲೊಬ್ಬರು 1946ರಲ್ಲಿ 120 ಪೌಂಡಿನ ಮಹಶೀರ್ ಹಿಡಿದರು. ಹತ್ತಿರ ಹತ್ತಿರ 54 ಕಿಲೋ, ನನ್ನ ಮದುವೆಯಲ್ಲಿ ನಾನು ತೂಗುತ್ತಿದ್ದಷ್ಟು. ಇವರೆಲ್ಲ ನದಿಯವರು. ಬಂಡೆಯ ಮೇಲೆ ನಿಂತು ಕಡಲಿಗೆ ಬೀಸುವವರ ಪುಸ್ತಕ ನನ್ನ ಕಣ್ಣಿಗೆ ಬಿದ್ದಿಲ್ಲ. ಬಾಟಲಿಯ ಹುಡುಗ ಬರೆದರೆ ನಾನು ಮುಂಗಡ ಕೊಟ್ಟು ಕೊಳ್ಳುತ್ತೇನೆ.

ಮೀನು ಸಿಕ್ಕಿತೇ ಎಂದು ಕೇಳುತ್ತೀರಿ. ಸಿಕ್ಕಿತು. ಮರುದಿನ ನಸುಕಿನಲ್ಲಿ, ಲುಂಗಿ ಉಟ್ಟು, ಭರತ ಏರುವ ಹೊತ್ತಿಗೆ, ನೊರೆಯ ಅಂಚಿಗೆ ಹಾಕಿದ ಸಿಗಡಿಗೆ ಒಂದು ಗೋಬ್ರೊ ಬಿತ್ತು. ಕಂದು ಮೈಮೇಲೆ ಚುಕ್ಕಿ, ಮೈಗಿಂತ ದೊಡ್ಡ ಬಾಯಿ. ಬಂಡೆಯ ಪೊಟರೆಯಲ್ಲೇ ವಾಸ. ಕಚ್ಚಿದ್ದೇ ಹಿಂದಕ್ಕೆ ಬಿಲ ಸೇರಿ ಕಿವಿರು ಅಗಲಿಸಿ ಕೂತುಬಿಡುತ್ತದೆ, ಜಗ್ಗಿದರೆ ಬರುವುದಿಲ್ಲ. ಅದಕ್ಕೆ ಕಚ್ಚಿದ ಕೂಡಲೇ ಎರಡನೇ ಯೋಚನೆಗೆ ಬಿಡದೆ ಎತ್ತಬೇಕು. ಎತ್ತಿದೆ. ಕಲ್ಲನ್ನು ಬಿಟ್ಟು ಹೋಗಲಾರದ ಪ್ರಾಣಿ ಎಂದು ಗೊತ್ತಾದ ಮೇಲೆ ನನಗೆ ಅದರ ಮೇಲೆ ಸ್ವಲ್ಪ ಬಂಧುಪ್ರೀತಿ ಬಂತು. ಹಾಗಂತ ನೀರಿಗೆ ಬಿಡಲಿಲ್ಲ. ಕುಮಟೆಯಲ್ಲಿ ಮಹಡಿಯವರ ತಾಯಿ ತೆಂಗಿನಕಾಯಿ ಅರೆದು, ಮುರುಗಲ ಹುಳಿ ಹಾಕಿ ಸಾರು ಮಾಡಿದರು. ಒಂಬತ್ತು ಜನರ ಪಂಕ್ತಿಗೆ ಬಡಿಸುತ್ತಾ ಬಂದಾಗ ನನ್ನ ಮೀನು ಯಾರ ಎಲೆಗೆ ಬಿತ್ತೋ ಕೊನೆಗೂ ಪತ್ತೆಯಾಗಲಿಲ್ಲ. ಪೇಟೆಯಿಂದ ತಂದ ಬಂಗುಡೆಯೂ ಅದೇ ಪಾತ್ರೆಯಲ್ಲಿತ್ತು.

ಊರಿಗೆ ಬಂದು ಮೆಕ್ಯಾನಿಕ್ಕಿಗೆ ಪ್ಲಗ್ಗುಗಳೆಲ್ಲ ಸಮುದ್ರದ ಪಾಲಾದ ವರದಿ ಒಪ್ಪಿಸಿದೆ. ಆತ ಸ್ಪ್ಯಾನರ್ ಕೆಳಗಿಟ್ಟು ಯೋಚನೆ ಮಾಡಿದ. “ಕಬ್ಬಣ ತಗೊಂಡೋಗಿ ಸಮುದ್ರಕ್ಕ ಯಾಕ ಹಾಕ್ತೀರಿ ಸಾರ್, ಬರೀ ಕಸ. ಕಲ್ಲು ಕಟ್ರಿ. ನಮ್ಮಲ್ಲಿ ಕಲ್ಲಿಗೇನು ಕಮ್ಮಿ?” ಮಾತು ಸರಿ. ಆದರೆ ದುಂಡನೆಯ ಕಲ್ಲಿಗೆ ದಾರ ನಿಲ್ಲುವುದಿಲ್ಲ, ಜಾರುತ್ತದೆ ಎಂದೆ. ಸಂಜೆ ಹೋಗಿ ನೋಡಿದರೆ ಹಳೆಯ ಟ್ಯೂಬು ಕತ್ತರಿಸಿ, ಬೆಣಚುಕಲ್ಲಿಗೆ ರಬ್ಬರಿನ ಲಂಗೋಟಿ ಕಟ್ಟಿ, ಮೇಲೆ ದಾರಕ್ಕೆ ಕಿವಿ ಬಿಟ್ಟು, ಡಜನ್‌ಗಟ್ಟಲೆ ಸಾಲಾಗಿ ಜೋಡಿಸಿದ್ದ. ದುಡ್ಡು ತೆಗೆದುಕೊಳ್ಳಲಿಲ್ಲ. ಮುಂದಿನ ಸಲ ಹೋದಾಗ ತನಗೂ ಒಂದು ಮೀನು ತರಬೇಕಂತೆ. ಮಹಡಿಯವರು ಎಂಥದ್ದು ಬೇಕು, ಕೆಂಬೇರಿಯೋ ಚೊಣಕವೋ ಎಂದು ವಿಚಾರಿಸಿದರು.

“ಹೆಸರು ಯಾವುದಿದ್ರೂ ನಡೀತದ ಸಾರ್,” ಎಂದ ಆತ, “ಮುಳ್ಳು ಕಡಿಮೆ ಇರೋದು ನೋಡಿ ಹಿಡೀರಿ.”